ಹಿಸ್ಟಾರಿಕ್ ಮತ್ತು ಹಿಸ್ಟಾರಿಕಲ್: ಶಿವನಸಮುದ್ರವನ್ನು ಕುರಿತು ಒಂದು ವಿಚಾರ

ಇಂಗ್ಲಿಷು ಭಾಷೆಯಲ್ಲಿ ಹಿಸ್ಟಾರಿಕ್ ಎಂಬುದೊಂದು ಶಬ್ದವುಂಟು. ಹಿಸ್ಟಾರಿಕಲ್ ಎಂಬುದು ಮತ್ತೊಂದು. ಬರೆದರೆ ಎರಡಕ್ಕೂ ಇರುವ ಅಂತರ ಎರಡೇ ಅಕ್ಷರಗಳದು; ಆಡಿದರೆ ಅದೂ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಬೇಗಬೇಗನೆ ಮಾತನಾಡುವವರ ಬಾಯಲ್ಲಿ ಕೊನೆಯ ಅಕ್ಷರವು ನುಂಗಿಹೋಗಿ, ಕೇಳುವವನು ಒಂದನ್ನು ಇನ್ನೊಂದೆಂದು ಗ್ರಹಿಸುವುದು ಸಾಮಾನ್ಯ. ಆದುದರಿಂದ ಇಂಗ್ಲಿಷು ಬಲ್ಲವರೂ ಇವೆರಡನ್ನೂ ಒಂದೇ ನಾಣ್ಯದ ಎರಡು ಮುಖಗಳೆಂದು ಭಾವಿಸಿ, ಕೈಗೆ ಸಿಕ್ಕಿದುದನ್ನು ಚಲಾಯಿಸಿಬಿಡುತ್ತಾರೆ. ನಮ್ಮ ಕನ್ನಡದಲ್ಲಂತೂ ಎರಡಕ್ಕೂ ಐತಿಹಾಸಿಕ ಎಂಬ ಒಂದೇ ಮಾತು ಸಲ್ಲುತ್ತಿದೆ. ಹಾಳುಬಿದ್ದ ಗುಡಿಯೂ ಐತಿಹಾಸಿಕ, ಸಭೆಯಲ್ಲಿ ನಿನ್ನೆ ಅಂಗೀಕಾರವಾದ ನಿರ್ಣಯವೂ ಐತಿಹಾಸಿಕ, ಸಂತೆಮಾಳದ ಕಲ್ಲುಮಂಟಪವೂ ಐತಿಹಾಸಿಕ.

ಇದರಿಂದ ಆಗುವ ನಷ್ಟವೇನು ಎಂದು ಕೇಳಬಹುದು. ಶಬ್ದಗಳ ಸೂಕ್ಷ್ಮವು ವೈಯಾಕರಣರ ವಿನೋದ, ಬಾಳಿಗೆ ಅದರಿಂದ ಬರುವುದೇನೂ ಇಲ್ಲ ಎಂದು ಹೇಳುವವರೂ ಉಂಟು. ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು. ಆದರೆ ಒಮ್ಮೆ ಮಳೆಗಾಲದ ಕೊನೆಯಲ್ಲಿ ಕೆಲವರು ಸ್ನೇಹಿತರೊಡನೆ ಶಿವನಸಮುದ್ರಕ್ಕೆ ಹೋಗಿದ್ದಾಗ, ಜೊತೆಯಲ್ಲಿದ್ದವರೊಬ್ಬರು ದ್ವೀಪದ ಹಳೆಯ ಕಲ್ಲುಸೇತುವೆಯನ್ನು ತೋರಿಸಿ ಒಂದು ಶಬ್ದವನ್ನೂ, ಕೆಳಗೆ ಕಣಿವೆಯಲ್ಲಿ ಕಾಣುತ್ತಿದ್ದ ವಿದ್ಯುದಾಗಾರವನ್ನು ತೋರಿಸಿ ಇನ್ನೊಂದು ಶಬ್ದವನ್ನೂ ಪ್ರಯೋಗಿಸಿದರು. ಅದು ಅವರು ಯೋಚಿಸಿ ಆಡಿದ ಮಾತಾಗಿರಲಾರದು. ಆದರೂ ಆ ಎರಡು ಶಬ್ದಗಳು ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟವು. ಆ ಭೇದವನ್ನು ಕಲಿಯುವುದಕ್ಕೆ ನಮ್ಮ ನಾಡಿನಲ್ಲಿ ಶಿವನಸಮುದ್ರಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲವೆಂದು ಆಮೇಲೆ ತೋರಿತು. ಆ ಪಾಠವನ್ನು ಇಲ್ಲಿ ಒಪ್ಪಿಸುತ್ತೇವೆ.

ಮೊದಲು ಶಬ್ದಗಳ ವಿಚಾರ. ಎರಡಕ್ಕೂ ಮೂಲ ಗ್ರೀಕ್ ಭಾಷೆಯ ಹಿಸ್ಟೋರಿಯಾ. ಆ ಶಬ್ದಕ್ಕೆ ವಿಚಾರಣೆ, ಕೇಳಿ ತಿಳಿದುಕೊಳ್ಳುವಿಕೆ ಎಂದು ಅರ್ಥ. ಕ್ರಿಸ್ತಪೂರ್ವ 5ನೆಯ ಶತಮಾನದ ಹೆರೊಡೋಟಸನು ತಾನು ಊರೂರು ಸುತ್ತಿ, ಕೇಳಿ, ಬರೆದಿಟ್ಟ ಗ್ರಂಥಕ್ಕೆ ಈ ಶಬ್ದವನ್ನೇ ಬಳಸಿದನು. ನಮ್ಮ ಇತಿಹಾಸ ಶಬ್ದದ ಹುಟ್ಟು ಬೇರೆ ರೀತಿಯದು: ಇತಿ, ಹ, ಆಸ, ಹೀಗೆಯೇ ಇದ್ದಿತು ಎಂದು ಅದರ ಅರ್ಥ. ಗ್ರೀಕರ ಶಬ್ದವು ಕೇಳುತ್ತದೆ, ನಮ್ಮ ಶಬ್ದವು ಹೇಳುತ್ತದೆ. ಹೀಗೆಯೇ ಇದ್ದಿತು ಎಂದು ಹೇಳುವುದಕ್ಕೆ ಮೊದಲು ಹೇಗಿದ್ದಿತು ಎಂದು ಕೇಳಲೇಬೇಕಲ್ಲವೆ? ಎರಡು ಶಬ್ದಗಳೂ ಒಂದನ್ನೊಂದು ಪೂರ್ಣಗೊಳಿಸುತ್ತವೆ ಎನ್ನಬೇಕು.

ಇಂಗ್ಲಿಷಿನಲ್ಲಿ ಹಿಸ್ಟಾರಿಕ್, ಹಿಸ್ಟಾರಿಕಲ್ ಎಂಬಿವು ಹಿಂದೆ ಒಂದರ ಸ್ಥಾನದಲ್ಲಿ ಇನ್ನೊಂದು ಬಳಕೆಯಾಗುತ್ತಿದ್ದುವು. ಕ್ರಮೇಣ ಅವು ಬೇರೆಬೇರೆ ಮನೆ ಹೂಡಿದವು. ಇಂಗ್ಲಿಷು ಪದಪ್ರಯೋಗವನ್ನು ಕುರಿತು 1926ರಲ್ಲಿ ಪ್ರಸಿದ್ಧವಾದ ಕೋಶವೊಂದನ್ನು ಹೊರತಂದ ಫೌಲರ್ ಎಂಬ ವಿದ್ವಾಂಸರು ಈ ಬೇರ್ಪಾಡನ್ನು ಸ್ಪಷ್ಟವಾಗಿ ಗುರುತಿಸಿದ್ದಾರೆ. ಹಿಸ್ಟಾರಿಕಲ್ ಎಂದರೆ ಇತಿಹಾಸಕ್ಕೆ ಸಂಬಂಧಿಸಿದುದು, ಹಿಂದೆ ನಿಜವಾಗಿ ಇದ್ದುದು. ಹಿಸ್ಟಾರಿಕ್ ಎಂದರೆ ಇತಿಹಾಸದಲ್ಲಿ ನೆನಪಿಡತಕ್ಕದ್ದು, ಇತಿಹಾಸದ ಹರಿವನ್ನು ತಿರುಗಿಸಿದುದು. ಮೊದಲನೆಯದು ವಸ್ತುಸ್ಥಿತಿಯನ್ನು ಹೇಳುವ ಮಾತು. ಎರಡನೆಯದು ಬೆಲೆ ಕಟ್ಟುವ ಮಾತು. ಹಳೆಯ ಕಂದಾಯದ ಕಡತವೊಂದು ಹಿಸ್ಟಾರಿಕಲ್ ಆಗಿರಬಹುದು, ಹಿಸ್ಟಾರಿಕ್ ಆಗಬೇಕಾದುದಿಲ್ಲ. ಎಕನಾಮಿಕ್, ಎಕನಾಮಿಕಲ್ ಎಂಬ ಜೋಡಿಯೂ ಇದೇ ಬಗೆಯದು. ಒಂದು ಅರ್ಥಶಾಸ್ತ್ರಕ್ಕೆ ಸೇರಿದುದು, ಇನ್ನೊಂದು ಮಿತವ್ಯಯದ್ದು. ಎರಡನ್ನೂ ಒಂದೆಂದು ಬಗೆದ ಗೃಹಸ್ಥನ ಸಂಸಾರ ಹೇಗೆ ನಡೆದೀತೆಂಬುದನ್ನು ಊಹಿಸಿಕೊಳ್ಳಬಹುದು.

ಈಗ ಶಿವನಸಮುದ್ರಕ್ಕೆ ಬರೋಣ. ಮದ್ದೂರಿನಿಂದ ಮಳವಳ್ಳಿಯ ಮಾರ್ಗವಾಗಿ ಹೋಗುವವರಿಗೆ ಕಾವೇರಿಯು ಇದ್ದಕ್ಕಿದ್ದಂತೆ ನೆಲ ಕುಸಿದು ಕಣಿವೆಯಾದ ಜಾಗದಲ್ಲಿ ಎದುರಾಗುತ್ತಾಳೆ. ಅದಕ್ಕೆ ಮೇಲೆಯೇ ನದಿ ಎರಡು ಕವಲಾಗಿ ಒಡೆದು, ನಡುವೆ ಒಂದು ದ್ವೀಪವನ್ನು ಬಿಟ್ಟು, ಒಂದು ಕವಲು ಗಗನಚುಕ್ಕಿಯಾಗಿಯೂ ಇನ್ನೊಂದು ಭರಚುಕ್ಕಿಯಾಗಿಯೂ ಧುಮುಕುತ್ತದೆ. ಆ ದ್ವೀಪದ ಮೇಲೆ ಒಂದು ಕಾಲಕ್ಕೆ ಪಟ್ಟಣವಿದ್ದಿತು. ಸಮುದ್ರ ಎಂದರೆ ಇಲ್ಲಿ ಕಡಲೆಂದು ಗ್ರಹಿಸಬೇಕಾಗಿಲ್ಲ. ಹೊಯ್ಸಳರ ರಾಜಧಾನಿಯಾದ ದೋರಸಮುದ್ರದಂತೆ, ನೀರನ್ನು ಆಶ್ರಯಿಸಿ ಬೆಳೆದ ಊರುಗಳಿಗೆ ಈ ಹೆಸರು ನಮ್ಮಲ್ಲಿ ಪರಿಪಾಠ. ದ್ವೀಪದಲ್ಲಿ ರಂಗನಾಥನ ದೇವಾಲಯವಿದೆ. ಶ್ರೀರಂಗಪಟ್ಟಣದವನು ಆದಿರಂಗ, ಇಲ್ಲಿಯವನು ಮಧ್ಯರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ ಎಂದು ಭಕ್ತರು ಒಂದೇ ನದಿಯ ಮೂರು ದ್ವೀಪಗಳನ್ನು ಒಂದು ಸೂತ್ರದಲ್ಲಿ ಪೋಣಿಸಿದ್ದಾರೆ. ಸೋಮೇಶ್ವರನ ಗುಡಿಯೂ ಇದೆ. ಗಗನಚುಕ್ಕಿಯ ಬಳಿ ಮುಸಲ್ಮಾನರ ದರ್ಗಾ ಒಂದುಂಟು.

ಈ ಪಟ್ಟಣದ ಕಥೆ ಎರಡು ಬಗೆಯಲ್ಲಿ ನಮಗೆ ದೊರೆಯುತ್ತದೆ. ಒಂದು, ಪ್ರಮಾಣಗಳಿಂದ ತಿಳಿದುದು. ಉಮ್ಮತ್ತೂರಿನ ಪಾಳೆಯಗಾರ ಗಂಗರಾಜನು ವಿಜಯನಗರಕ್ಕೆ ಇದಿರುಬಿದ್ದು, ಶಿವನಸಮುದ್ರದ ಕೋಟೆಯನ್ನು ತನ್ನ ಬಲವಾದ ಠಾಣ್ಯವನ್ನಾಗಿ ಮಾಡಿಕೊಂಡಿದ್ದನು. ಕೃಷ್ಣದೇವರಾಯನು 1509ರಲ್ಲಿ ಪಟ್ಟಕ್ಕೆ ಬಂದ ಮೇಲೆ ಮೊದಲು ಕೈಹಾಕಿದ ದಂಡಯಾತ್ರೆಗಳಲ್ಲಿ ಇದೂ ಒಂದು. 1510-12ರ ಸುಮಾರಿನಲ್ಲಿ ದೀರ್ಘವಾದ ಮುತ್ತಿಗೆಯ ತರುವಾಯ ಕೋಟೆ ಬಿದ್ದಿತು. ಉಮ್ಮತ್ತೂರಿನವರ ಸ್ವಾತಂತ್ರ್ಯ ಮುಗಿಯಿತು. ಶ್ರೀರಂಗಪಟ್ಟಣವು ಆ ಪ್ರಾಂತ್ಯದ ಮುಖ್ಯ ಸ್ಥಾನವಾಯಿತು.

ಇನ್ನೊಂದು, ಜನರು ಹೇಳುತ್ತ ಬಂದ ಕಥೆ. ಬಿ. ಎಲ್. ರೈಸ್ ಅವರು 19ನೆಯ ಶತಮಾನದಲ್ಲಿ ಸಂಪಾದಿಸಿದ ಮೈಸೂರಿನ ಗೆಜೆಟಿಯರಿನಲ್ಲಿ ಅದನ್ನು ಸಂಗ್ರಹಿಸಿದ್ದಾರೆ. ಅದರ ಪ್ರಕಾರ ಇಲ್ಲಿ ಗಂಗರಾಜ, ಅವನ ಮಗ ನಂದಿರಾಜ, ಮತ್ತೆ ಒಬ್ಬ ಗಂಗರಾಜ ಎಂದು ಮೂವರು ಆಳಿದರು. ನಂದಿರಾಜನು ತನ್ನಿಂದಾದ ಒಂದು ದೋಷಕ್ಕೆ ಪ್ರಾಯಶ್ಚಿತ್ತವಾಗಿ ಕುದುರೆಯ ಕಣ್ಣಿಗೆ ಬಟ್ಟೆ ಕಟ್ಟಿ, ಹೆಂಡತಿಯೊಡನೆ ಜಲಪಾತಕ್ಕೆ ಹಾರಿದನಂತೆ. ಕೊನೆಯ ಗಂಗರಾಜನು ತನ್ನ ಇಬ್ಬರು ಹೆಣ್ಣುಮಕ್ಕಳನ್ನು ನೆರೆಯ ಇಬ್ಬರು ನಾಯಕರಿಗೆ ಕೊಟ್ಟನು. ಒಬ್ಬನು ಸತ್ತೇಗಾಲದ ಬಳಿಯ ಕಿಲಿಮಲೆಯವನು, ಇನ್ನೊಬ್ಬನು ಮದ್ದೂರಿನ ಕಡೆಯ ನಗರಕೆರೆಯವನು. ತವರಿನ ವೈಭವವನ್ನು ಹೊಗಳಿ ಹೊಗಳಿ ಆ ಹೆಣ್ಣುಮಕ್ಕಳು ಗಂಡಂದಿರನ್ನು ಕೆಣಕಿದರು; ಕೆರಳಿದ ಅಳಿಯಂದಿರು ಕೂಡಿ ಮಾವನ ಪಟ್ಟಣವನ್ನು ಮುತ್ತಿದರು. 12 ವರ್ಷ ಕಾದರೂ ನದಿ ಅವರಿಗೆ ದಾರಿ ಕೊಡಲಿಲ್ಲ. ಕಡೆಗೆ ದಳವಾಯಿಯೇ ಹಾಯ್ಗಡವನ್ನು ತೋರಿಸಿಕೊಟ್ಟನು. ಗಂಗರಾಜನು ಕಾದಿ ಮಡಿದನು. ಚನ್ನಪಟ್ಟಣದ ಜಗದೇವರಾಯನೂ ತಲಕಾಡಿನ ಶ್ರೀರಂಗರಾಯನೂ ಉಳಿದ ಜನರನ್ನು ಊರು ಬಿಡಿಸಿದರು, ಪಟ್ಟಣ ಕಾಡುಬಿದ್ದಿತು.

ಕಥೆ ಸೊಗಸಾಗಿದೆ. 12 ವರ್ಷದ ಮುತ್ತಿಗೆ, ತವರಿನ ಹೆಮ್ಮೆ, ಮನೆಮುರುಕ ದಳವಾಯಿ, ಇವೆಲ್ಲ ಜನಪದರ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಸಲಕರಣೆಗಳು. ಹಾಗೆಂದು ಕಥೆಯನ್ನು ಎಸೆದುಬಿಡುವುದೂ ತರವಲ್ಲ. ದೀರ್ಘವಾದ ಮುತ್ತಿಗೆಯೊಂದು ನಡೆದುದು ನಿಜ, ಗಂಗರಾಜನೆಂಬವನು ಸೋತುದು ನಿಜ, ಪಟ್ಟಣ ಬರಿದಾದುದು ನಿಜ. ಜನರ ನೆನಪು ಬಿಜಯನಗರದ ಅರಸನನ್ನು ಮರೆತು, ಆ ಸ್ಥಳದಲ್ಲಿ ಅಳಿಯಂದಿರನ್ನು ತಂದು ಕೂರಿಸಿತೋ ಏನೋ. ಹಿಸ್ಟಾರಿಕಲ್ ಎಂಬ ಶಬ್ದದ ಕೆಲಸವಿರುವುದು ಇಲ್ಲಿಯೇ. ಯಾವುದು ಇದ್ದಿತು, ಯಾವುದು ಇದ್ದಿತೆಂದು ಹೇಳಲ್ಪಟ್ಟಿತು ಎಂಬ ಎರಡನ್ನೂ ಬಿಡಿಸಿ ಇಡುವುದು ಅದರ ಧರ್ಮ. ಗಂಗರಾಜನ ಸೋಲಿನಿಂದ ವಿಜಯನಗರದ ದಕ್ಷಿಣದ ಹಾದಿ ತೆರೆಯಿತೆಂದು ಒಪ್ಪಿದರೂ, ನಾಲ್ಕು ಶತಮಾನಗಳ ಮೇಲೆ ಆ ದ್ವೀಪದಲ್ಲಿ ಉಳಿದುದು ಗುಡಿಗಳು, ಕಾಡು ಮತ್ತು ಕಥೆ. ಅದು ಹಿಸ್ಟಾರಿಕಲ್ ಆದ ಶಿವನಸಮುದ್ರ.

ಕಾಡುಬಿದ್ದ ಆ ದ್ವೀಪಕ್ಕೆ ಮತ್ತೆ ಜನರ ಕಾಲು ಹಾಯುವಂತೆ ಮಾಡಿದವರು ರಾಮಸ್ವಾಮಿ ಮೊದಲಿಯಾರರು. ಇವರು ಮೈಸೂರಿನ ಬ್ರಿಟಿಷ್ ರೆಸಿಡೆಂಟರ ಬಳಿ ನೌಕರಿಯಲ್ಲಿದ್ದವರು. 19ನೆಯ ಶತಮಾನದ ಮೊದಲ ದಶಕಗಳಲ್ಲಿ ಹಳೆಯ ಸೇತುವೆಯ ಜೀರ್ಣೋದ್ಧಾರಕ್ಕೂ ಗುಡಿಗಳ ದುರಸ್ತಿಗೂ ಕೈಹಾಕಿ, ನದಿಯ ಎರಡು ಕವಲುಗಳಿಗೂ ಕಲ್ಲಿನ ಸೇತುವೆಗಳಾಗುವಂತೆ ಮಾಡಿದರು. ಒಂದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು ಬಂದಿತು. ಇನ್ನೊಂದಕ್ಕೆ 1827ರಿಂದ 1832ರ ವರೆಗೆ ಮದರಾಸಿನ ಗವರ್ನರಾಗಿದ್ದ ಲಷಿಂಗ್ಟನ್ನರ ಹೆಸರು ಬಂದಿತು. ದೊರೆಗಳ ಹೆಸರು ಸೇತುವೆಗಾಯಿತು. ಮೊದಲಿಯಾರರಿಗೆ ಜನೋಪಕಾರಿ ಎಂಬರ್ಥದ ಬಿರುದೂ ಜಹಗೀರಿಯೂ ದೊರೆತವು. ಸೇತುವೆಯ ಕಟ್ಟಡ ನಮ್ಮ ದೇಶದ ಪದ್ಧತಿಯದು: ನದಿಯ ಬಂಡೆಯ ಮೇಲೆ ಕಲ್ಲುಕಂಬಗಳ ಸಾಲುಗಳು, ಅವುಗಳ ಮೇಲೆ ಅಡ್ಡ ತೊಲೆಗಳು, ಅದರ ಮೇಲೆ ಚಪ್ಪಡಿ ಹಾಸು. ಕಮಾನಿನ ಆಡಂಬರವಿಲ್ಲ. ಪ್ರತಿ ವರ್ಷ ಬರುವ ಕಾವೇರಿಯ ಪ್ರವಾಹವನ್ನು ಈ ಕಂಬಗಳು ತಲೆಮಾರುಗಳ ಕಾಲ ತಾಳಿಕೊಂಡು ನಿಂತವು.

ಈ ಸೇತುವೆ ಇತಿಹಾಸದ ಹರಿವನ್ನು ತಿರುಗಿಸಲಿಲ್ಲ. ಅದರ ಮೇಲೆ ಹೋದವರು ಯಾತ್ರಿಕರು, ಗಾಡಿಯವರು, ಕೊಳ್ಳೇಗಾಲದ ಸಂತೆಗೆ ಹೋಗುವ ರೈತರು. ಅದನ್ನು ಹಿಸ್ಟಾರಿಕ್ ಎಂದು ಕರೆಯುವುದು ಅತಿಶಯೋಕ್ತಿಯೇ. ಆದರೂ ಅದು ನಡೆದುಬಂದ ಬಾಳಿನ ಸಾಕ್ಷಿ.

ಇನ್ನು ಹಿಸ್ಟಾರಿಕ್ ಆದ ಶಿವನಸಮುದ್ರವನ್ನು ನೋಡೋಣ. 1883ರಿಂದ 1901ರ ವರೆಗೆ ಮೈಸೂರಿನ ದಿವಾನರಾಗಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರ್ ಅವರು. ಆ ಕಾಲಕ್ಕೆ ಕೋಲಾರದ ಚಿನ್ನದ ಗಣಿಗಳು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷು ಸಂಸ್ಥೆಯ ಆಡಳಿತದಲ್ಲಿ ದಿನದಿನಕ್ಕೆ ಆಳವಾಗುತ್ತಿದ್ದುವು. ಗಣಿ ಆಳವಾದಷ್ಟೂ ಅದಿರನ್ನು ಮೇಲೆತ್ತುವುದಕ್ಕೂ ಕುಟ್ಟುವುದಕ್ಕೂ ನೀರನ್ನು ಹೊರಹಾಕುವುದಕ್ಕೂ ಗಾಳಿಯನ್ನು ಒಳಗಿಳಿಸುವುದಕ್ಕೂ ಹೆಚ್ಚು ಬಲ ಬೇಕು. ಉಗಿಯಂತ್ರಗಳಿಗೆ ಕಲ್ಲಿದ್ದಲು ದೂರದಿಂದ ಬರಬೇಕು, ಸೌದೆಗೆ ಕಾಡು ಬರಿದಾಗಬೇಕು. ಇತ್ತ ಕಾವೇರಿ ಯಾರಿಗೂ ಉಪಯೋಗವಿಲ್ಲದೆ ಕಣಿವೆಗೆ ಬೀಳುತ್ತಿದ್ದಳು. ಇಲ್ಲಿಯ ಬಲವನ್ನು ಅಲ್ಲಿಗೆ ಮುಟ್ಟಿಸುವ ಬಗೆ ಹೇಗೆಂಬುದೇ ಪ್ರಶ್ನೆ.

ಮೈಸೂರಿನ ಇಂಜಿನಿಯರ್ ಇಲಾಖೆಯಲ್ಲಿದ್ದ ಮೇಜರ್ ಜೋಲಿ ಡಿ ಲಾಟ್‌ಬಿನಿಯೆರ್ ಅವರು ಈ ಕಾರ್ಯದ ನಿರ್ವಾಹಕರಾದರು. ಅವರು ಯೂರೋಪಿಗೂ ಅಮೆರಿಕಕ್ಕೂ ಹೋಗಿ ಅಲ್ಲಿಯ ವಿದ್ಯುದಾಗಾರಗಳನ್ನು ಕಂಡು ಬಂದರು. ಟರ್ಬೈನುಗಳಿಗೆ ಸ್ವಿಟ್ಜರ್ಲೆಂಡಿನ ಎಶರ್ ವೀಸ್ ಸಂಸ್ಥೆಯೂ, ವಿದ್ಯುತ್ ಯಂತ್ರಗಳಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯೂ ಗೊತ್ತಾದುವು. ಕಾವೇರಿಯ ಆಚೆಯ ದಡದ ಕೊಳ್ಳೇಗಾಲ ತಾಲ್ಲೂಕು ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು; ಅದು ಮೈಸೂರಿಗೆ ಬಂದುದು 1956ರಲ್ಲಿ. ಆದ್ದರಿಂದ ನೀರಿನ ವಿಷಯದಲ್ಲಿ ಮದರಾಸು ಸರ್ಕಾರದ ಸಮ್ಮತಿಯನ್ನೂ ಪಡೆಯಬೇಕಾಯಿತು.

ಯಂತ್ರಭಾಗಗಳು ಹಡಗಿನಲ್ಲಿ ಬಂದು, ರೈಲಿನಲ್ಲಿ ಮದ್ದೂರಿಗೆ ಬಂದಿಳಿದವು. ಅಲ್ಲಿಂದ ಮುಂದೆ 25 ಮೈಲಿಗೂ ಮಿಕ್ಕಿದ ಹಾದಿಯನ್ನು ಎತ್ತಿನ ಗಾಡಿಗಳೂ ಆನೆಗಳೂ ಎಳೆದವು. ಲೋಕದಲ್ಲಿ ಅತ್ಯಂತ ಹೊಸದಾದ ಯಂತ್ರವನ್ನು ಅತ್ಯಂತ ಹಳೆಯ ವಾಹನವು ಹೊತ್ತು ತಂದ ಆ ದೃಶ್ಯವನ್ನು ಮಳವಳ್ಳಿಯ ದಾರಿಯಲ್ಲಿ ನಿಂತು ನೋಡಿದವರು ಪುಣ್ಯವಂತರು. ಜಲಪಾತದ ಮೇಲುಗಡೆ ನೀರನ್ನು ಕಾಲುವೆಗೆ ತಿರುಗಿಸಿ, ದಂಡೆಯ ಅಂಚಿನಲ್ಲಿ ತಂದು ನಿಲ್ಲಿಸಿ, ಅಲ್ಲಿಂದ ದಪ್ಪ ಕೊಳವೆಗಳ ಮೂಲಕ ಸುಮಾರು 400 ಅಡಿ ಕೆಳಕ್ಕೆ ಇಳಿಸುವುದು ಯೋಜನೆ. ಕೆಳಗೆ ಟರ್ಬೈನನ್ನು ತಿರುಗಿಸಿದ ನೀರು ಮತ್ತೆ ನದಿಯನ್ನು ಸೇರುತ್ತದೆ. ಒಂದು ಕೊಡವೂ ಕಡಮೆಯಾಗುವುದಿಲ್ಲ.

1902ನೆಯ ಇಸವಿ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಗಣಿಗಳನ್ನು ಮುಟ್ಟಿತು. ಮೊದಲಲ್ಲಿದ್ದ ಯಂತ್ರಗಳು ಆರು, ಒಂದೊಂದರ ಸಾಮರ್ಥ್ಯ 720 ಕಿಲೋವಾಟ್. ಯೋಜನೆಯನ್ನು ಹೊತ್ತು ನಿಂತ ಶೇಷಾದ್ರಿ ಅಯ್ಯರ್ ಅವರು 1901ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡಿದ್ದರು. ಆ ದಿನವನ್ನು ನೋಡುವ ಭಾಗ್ಯ ಅವರದಾಗಲಿಲ್ಲ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಅಧಿಕಾರ ವಹಿಸಿಕೊಂಡಿರಲಿಲ್ಲ; ರಾಜ್ಯವನ್ನು ನಡೆಸುತ್ತಿದ್ದವರು ರೀಜೆಂಟರಾದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು. 1905ನೆಯ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ಇದೇ ವಿದ್ಯುತ್ತಿನ ದೀಪ ಬೆಳಗಿತು. 1908ರಲ್ಲಿ ಮೈಸೂರಿನಲ್ಲಿ ಬೆಳಗಿತು.

ಇದು ಹಿಸ್ಟಾರಿಕ್ ಎಂಬುದರಲ್ಲಿ ಯಾರಿಗೂ ಸಂದೇಹವಿರಲಾರದು. ಆದರೆ ಬೆಲೆ ಕಟ್ಟುವ ಶಬ್ದಕ್ಕೆ ಒಂದು ದೌರ್ಬಲ್ಯವುಂಟು. ಅದಕ್ಕೆ ಯಾವಾಗಲೂ ಒಡವೆಯ ಆಸೆ. ಮೊದಲನೆಯದು, ಅತಿ ದೊಡ್ಡದು, ಅತಿ ಉದ್ದದ್ದು ಎಂಬ ಒಡವೆಗಳನ್ನು ತೊಡದೆ ಅದು ಹೊರಗೆ ಹೊರಡುವುದಿಲ್ಲ. ಶಿವನಸಮುದ್ರಕ್ಕೂ ಹೀಗೆಯೇ ಆಗಿದೆ. ಏಷ್ಯಾಖಂಡದಲ್ಲಿಯೇ ಮೊದಲನೆಯ ಜಲವಿದ್ಯುದಾಗಾರ ಎಂದು ಎಷ್ಟೋ ಕಡೆ ಬರೆದಿದ್ದಾರೆ, ಭಾಷಣಗಳಲ್ಲಿ ಹೇಳಿದ್ದಾರೆ. ನಾವೂ ನಂಬಿ ಹೇಳಿದ್ದೆವು. ವಿಚಾರಿಸಿದರೆ, ಜಪಾನಿನ ಕ್ಯೋಟೋ ನಗರದ ಕೆಯಾಗೆಯಲ್ಲಿ 1891ರಲ್ಲಿಯೇ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸಿದ್ದರು. ನಮ್ಮ ದೇಶದಲ್ಲಿಯೇ ಡಾರ್ಜೀಲಿಂಗಿನ ಸಿದ್ರಪಾಂಗಿನಲ್ಲಿ 1897ರಲ್ಲಿ ಒಂದು ಸಣ್ಣ ಜಲವಿದ್ಯುದಾಗಾರ ನಡೆಯಲಾರಂಭಿಸಿತು. ಕೋಲಾರದ ತಂತಿಮಾರ್ಗವು ಆ ಕಾಲಕ್ಕೆ ಪ್ರಪಂಚದಲ್ಲೇ ಅತ್ಯಂತ ಉದ್ದವಾದುದೆಂಬ ಮಾತೂ ಪ್ರಚಾರದಲ್ಲಿದೆ. ಕ್ಯಾಲಿಫೋರ್ನಿಯದಲ್ಲಿ ಕೋಲ್ಗೇಟಿನಿಂದ ಓಕ್ಲೆಂಡಿಗೆ 140 ಮೈಲಿಯಷ್ಟು ದೂರ 1901ರಲ್ಲಿಯೇ ವಿದ್ಯುತ್ತು ಹರಿದಿದ್ದಿತು. ಏಷ್ಯಾದಲ್ಲಿ ಮೊದಲು ವಿದ್ಯುದ್ದೀಪ ಕಂಡ ನಗರ ಬೆಂಗಳೂರೆಂಬುದೂ ನಿಲ್ಲುವ ಮಾತಲ್ಲ; ಕಲ್ಕತ್ತೆಯಲ್ಲಿ 1899ರಲ್ಲಿಯೇ ಕಂಪನಿಯೊಂದು ವಿದ್ಯುತ್ ಸರಬರಾಜನ್ನು ಆರಂಭಿಸಿದ್ದಿತು.

ವಿದ್ಯುದಾಗಾರವಿರುವ ಜಾಗವನ್ನು ಸುತ್ತಮುತ್ತಲ ಜನರು ಬ್ಲಫ್ ಎಂದು ಕರೆಯುತ್ತಾರೆ. ಕಡಿದಾದ ಬಂಡೆಯ ದಂಡೆಗೆ ಇಂಗ್ಲಿಷಿನಲ್ಲಿ ಆ ಹೆಸರು; ಅದು ನಮ್ಮ ಹಳ್ಳಿಗರ ಬಾಯಲ್ಲಿ ಊರಿನ ಹೆಸರಾಗಿ ನಿಂತಿದೆ. ಅದೇ ಶಬ್ದಕ್ಕೆ ಇಂಗ್ಲಿಷಿನಲ್ಲಿ ಇಲ್ಲದ ಬಲವನ್ನು ಇದೆಯೆಂದು ತೋರಿಸಿಕೊಳ್ಳುವುದು ಎಂಬ ಇನ್ನೊಂದು ಅರ್ಥವೂ ಉಂಟು. ಊರಿಗೆ ಹೆಸರಿಟ್ಟವರ ಮನಸ್ಸಿನಲ್ಲಿ ಇದ್ದುದು ಮೊದಲನೆಯ ಅರ್ಥವೇ. ಎರಡನೆಯದನ್ನು ಅದಕ್ಕೆ ಅಂಟಿಸುವ ಕೆಲಸವನ್ನು ನಮ್ಮ ಉತ್ಸಾಹವು ಮಾಡಬಾರದು.

ಒಡವೆಗಳನ್ನೆಲ್ಲ ತೆಗೆದಿಟ್ಟ ಮೇಲೆ ಉಳಿಯುವುದೇನು? ಉಳಿಯುವುದು ಬಹಳ ಇದೆ. ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಜಲವಿದ್ಯುತ್ತನ್ನು ಉತ್ಪಾದಿಸಿ, ಬಹುದೂರಕ್ಕೆ ಸಾಗಿಸಿ, ಅದರ ಮೇಲೆ ಒಂದು ಉದ್ಯಮವನ್ನು ನಿಲ್ಲಿಸಿದ ಮೊದಲ ಸಾಹಸ ಇದು. ಡಾರ್ಜೀಲಿಂಗಿನದು 130 ಕಿಲೋವಾಟಿನ ಕೆಲಸ; ಇದು 4320 ಕಿಲೋವಾಟಿನದು. ಅದನ್ನು ಮಾಡಿದುದು ಒಂದು ದೇಶೀಯ ಸಂಸ್ಥಾನದ ಸರ್ಕಾರ ಎಂಬುದು ಇನ್ನೂ ಮುಖ್ಯ. ನಿಜವಾದ ಹಿರಿಮೆಗೆ ಸುಳ್ಳಿನ ಊರೆಗೋಲು ಬೇಡ. ಒಂದು ಸುಳ್ಳು ಸಿಕ್ಕಿಬಿದ್ದರೆ ಅದರ ಜೊತೆಗಿದ್ದ ನಿಜವನ್ನೂ ಜನ ಸಂದೇಹಿಸುತ್ತಾರೆ. ಹಿಸ್ಟಾರಿಕ್ ಎಂದು ಹೊಗಳುವವರು ಹಿಸ್ಟಾರಿಕಲ್ ಎಂಬ ಒರೆಗಲ್ಲಿಗೆ ಮೊದಲು ಆ ಚಿನ್ನವನ್ನು ತಿಕ್ಕಿ ನೋಡಬೇಕು.

ಇನ್ನೂ ಒಂದು ಪ್ರಶ್ನೆ ಇದೆ. ಹಿಸ್ಟಾರಿಕ್ ಎಂದರೆ ಯಾರಿಗೆ ಹಿಸ್ಟಾರಿಕ್? ಇದ್ದಿತು, ಇರಲಿಲ್ಲ ಎಂಬುದು ಎಲ್ಲರಿಗೂ ಒಂದೇ. ಬೆಲೆ ಮಾತ್ರ ಕಟ್ಟುವವನ ಜಾಗವನ್ನು ಅನುಸರಿಸಿ ಬದಲಾಗುತ್ತದೆ. 1902ರಲ್ಲಿ ಮಳವಳ್ಳಿಯ ಕಡೆಯ ರೈತನೊಬ್ಬನು ತನ್ನ ಹೊಲದ ಅಂಚಿನಲ್ಲಿ ನಿಂತು ನೋಡಿದುದು ಕಂಬಗಳನ್ನೂ ತಂತಿಗಳನ್ನೂ. ತನ್ನ ಊರಿನ ಮಗ್ಗುಲಲ್ಲಿ ಹುಟ್ಟಿದ ಬಲವು ತನ್ನ ತಲೆಯ ಮೇಲೆಯೇ ಹಾಯ್ದು 92 ಮೈಲಿ ದೂರದ ಗಣಿಗೆ ಹೋಗುತ್ತಿದ್ದಿತು. ಅಲ್ಲಿ ತೆಗೆದ ಚಿನ್ನವು ಕಡಲು ದಾಟುತ್ತಿದ್ದಿತು. ಅವನ ಮನೆಯಲ್ಲಿ ಅಂದೂ ಹರಳೆಣ್ಣೆಯ ದೀಪ. ರಾಜಧಾನಿಯಾದ ಮೈಸೂರಿಗೇ ಆರು ವರ್ಷ ಕಾಯಬೇಕಾಗಿದ್ದಾಗ ಹಳ್ಳಿಯ ಪಾಡನ್ನು ಕೇಳುವವರಾರು? ಅವನ ಪಾಲಿಗೆ ಜೂನ್ 30 ಮುಂಗಾರಿನ ಒಂದು ದಿನ, ಅಷ್ಟೆ. ಗಣಿಯ ಆಳದಲ್ಲಿ ದುಡಿಯುತ್ತಿದ್ದ ತಮಿಳರೂ ತೆಲುಗರೂ ಆದ ಕೂಲಿಗಾರರಿಗೆ ವಿದ್ಯುತ್ತು ಬಂದುದರಿಂದ ಇನ್ನೂ ಆಳಕ್ಕೆ ಇಳಿಯುವ ದಾರಿ ತೆರೆಯಿತು. ಗಣಿಯ ಷೇರುದಾರನಿಗೂ ಆ ಕೂಲಿಗೂ ಆ ದಿನದ ಬೆಲೆ ಒಂದೇ ಆಗಿರಲಾರದು.

ಹಾಗಾದರೆ ಆ ರೈತನ ಪಾಲಿಗೆ ಅದು ಎಂದಿಗೂ ಹಿಸ್ಟಾರಿಕ್ ಆಗಲೇ ಇಲ್ಲವೆ? ಆಯಿತು, ಆದರೆ ದೀಪದ ದಾರಿಯಿಂದ ಆಗಲಿಲ್ಲ, ನೀರಿನ ದಾರಿಯಿಂದ ಆಯಿತು. ಬೇಸಿಗೆಯಲ್ಲಿ ಕಾವೇರಿಯ ನೀರು ಇಳಿದರೆ ಶಿವನಸಮುದ್ರದ ಯಂತ್ರಗಳಿಗೆ ಸಾಲದಾಗುತ್ತಿದ್ದಿತು. ಗಣಿಗಳ ಬೇಡಿಕೆಯಾದರೋ ಏರುತ್ತಲೇ ಇದ್ದಿತು. ಮಳೆಗಾಲದ ನೀರನ್ನು ಮೇಲುಗಡೆ ಕೂಡಿಟ್ಟು ವರ್ಷವೆಲ್ಲ ಒಂದೇ ಸಮನಾಗಿ ಬಿಡಬೇಕೆಂಬುದು 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಗುವುದಕ್ಕೆ ಒಂದು ಮುಖ್ಯ ಕಾರಣ. ಅದರ ಹಿಂದೆ ನಿಂತವರು ಆಗ ಚೀಫ್ ಇಂಜಿನಿಯರಾಗಿದ್ದ ಎಂ. ವಿಶ್ವೇಶ್ವರಯ್ಯನವರು. ಆ ಕಟ್ಟೆಯಿಂದ ಕೃಷ್ಣರಾಜಸಾಗರವಾಯಿತು. ಸಾಗರದಿಂದ ಮೊದಲು ಇರ್ವಿನ್ ನಾಲೆಯೆಂದೂ ಆಮೇಲೆ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆ ಹೊರಟಿತು. ಆ ಕಾಲುವೆಯಿಂದ ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಯ ರಾಗಿಯ ಹೊಲಗಳು ಕಬ್ಬಿನ, ಬತ್ತದ ಗದ್ದೆಗಳಾದುವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಾರ್ಖಾನೆ ನಿಂತಿತು. 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ಬೆಳಕನ್ನು ಕೊಡದೆ ಮೇಲೆ ಹಾಯ್ದುಹೋದ ತಂತಿಯು ಮೂರು ದಶಕಗಳ ಮೇಲೆ ಆ ರೈತನ ಮಕ್ಕಳ ಹೊಲಕ್ಕೆ ನೀರನ್ನು ಕರೆತಂದಂತಾಯಿತು.

ಹಿಸ್ಟಾರಿಕ್ ಎಂಬ ಶಬ್ದವನ್ನು ಯಾವ ಘಟನೆಗೆ ಸಲ್ಲಿಸಬೇಕೆಂಬುದಕ್ಕೆ ಇಲ್ಲಿ ಒಂದು ಅಳತೆ ಸಿಗುತ್ತದೆ. ಅದು ಮೊದಲನೆಯದೋ ಎರಡನೆಯದೋ ಎಂಬುದು ಅಳತೆಯಲ್ಲ. ಅದು ನಡೆಯದೆ ಇದ್ದಿದ್ದರೆ ಮುಂದಿನ ಯಾವುದು ನಡೆಯುತ್ತಿರಲಿಲ್ಲ ಎಂಬುದು ಅಳತೆ. ಆದುದರಿಂದ ಈ ಶಬ್ದವನ್ನು ಘಟನೆ ನಡೆದ ದಿನವೇ ಪ್ರಯೋಗಿಸುವುದು ಸಾಹಸ. ನಿನ್ನೆಯ ಸಭೆಯ ನಿರ್ಣಯವನ್ನು ಇಂದಿನ ಪತ್ರಿಕೆಯು ಐತಿಹಾಸಿಕವೆಂದು ಕರೆದರೆ, ಅದು ಆಶೀರ್ವಾದ ಮಾಡುತ್ತಿದೆ ಎಂದು ತಿಳಿಯಬೇಕು. ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ. ಆ ತೀರ್ಪು ಮೊಮ್ಮಕ್ಕಳದು.

ಮತ್ತೊಂದನ್ನೂ ಗಮನಿಸಬೇಕು. ಹಿಸ್ಟಾರಿಕ್ ಆದುದು ಎಂದಾದರೊಂದು ದಿನ ಬರಿಯ ಹಿಸ್ಟಾರಿಕಲ್ ಆಗಿ ನಿಲ್ಲುತ್ತದೆ. ಯಾವ ಗಣಿಗಳಿಗಾಗಿ ಶಿವನಸಮುದ್ರದ ಯಂತ್ರಗಳು ತಿರುಗಿದವೋ, ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕೆ ಇಳಿದ ಆ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಬೆಳಕಿಗೂ ಕಾರ್ಖಾನೆಗಳಿಗೂ ಬೆಂಗಳೂರು ಇಂದು ಪಡೆಯುವ ವಿದ್ಯುತ್ತಿನಲ್ಲಿ ಶಿವನಸಮುದ್ರದ 42 ಮೆಗಾವಾಟ್ ಒಂದು ಹನಿ. 1940ರಲ್ಲಿ ನೆರೆಯ ಶಿಂಷಾ, 1948ರಲ್ಲಿ ಜೋಗ, ಹೀಗೆ ಒಂದಾದ ಮೇಲೊಂದು ಬಂದವು; ಅವುಗಳಲ್ಲಿ ದೊಡ್ಡವು ಹಿರಿಯಣ್ಣನನ್ನು ಹಿಂದೆ ಹಾಕಿದವು. ಆದರೂ ಆ ಆಗಾರ ನಿಂತಿಲ್ಲ. ನೀರು ಬಂದಾಗ ಈಗಲೂ ಅದರ ಯಂತ್ರಗಳು ತಿರುಗುತ್ತವೆ. ಅದು ಗೈದ ಕಾರ್ಯ ಹಿಸ್ಟಾರಿಕ್, ಉಳಿದಿರುವ ಕಟ್ಟಡ ಹಿಸ್ಟಾರಿಕಲ್, ಮಾಡುತ್ತಿರುವ ಕೆಲಸ ಇಂದಿನದು.

ಈಗ ಮತ್ತೆ ಆ ಕಲ್ಲುಸೇತುವೆಗೆ ಹಿಂದಿರುಗೋಣ. 2018ರಲ್ಲಿ ಕಾವೇರಿಗೆ ದೊಡ್ಡ ಪ್ರವಾಹ ಬಂದಿತು. ಎರಡು ಶತಮಾನಗಳ ನೀರನ್ನು ಕಂಡಿದ್ದ ವೆಲ್ಲೆಸ್ಲಿ ಸೇತುವೆಯ ಒಂದು ಭಾಗವು ಆ ಪ್ರವಾಹದಲ್ಲಿ ಕೊಚ್ಚಿಹೋಯಿತು. ಹಿಸ್ಟಾರಿಕ್ ಎಂಬ ಪದವಿಯನ್ನು ಪಡೆದುದಕ್ಕೆ ಫಲಕವುಂಟು, ಶತಮಾನೋತ್ಸವವುಂಟು. ಬರಿಯ ಹಿಸ್ಟಾರಿಕಲ್ ಆದುದಕ್ಕೆ ಕಂಬದ ಬಿರುಕಿಗೆ ಒಂದು ಹಿಡಿ ಗಾರೆಯನ್ನು ಮೆತ್ತುವವರು ಸಿಕ್ಕುವುದೂ ಅಪರೂಪ. ಎರಡು ಅರ್ಥಗಳಿಗೆ ಒಂದೇ ಶಬ್ದವನ್ನು ಇಟ್ಟುಕೊಂಡವರಿಗೆ ಆಗುವ ನಷ್ಟ ಇದೇ. ಐತಿಹಾಸಿಕವೆಂದರೆ ಮಹತ್ತಾದುದು ಎಂದು ಮನಸ್ಸಿಗೆ ರೂಢಿಯಾದ ಮೇಲೆ, ಮಹತ್ತಲ್ಲದುದು ಐತಿಹಾಸಿಕವೂ ಅಲ್ಲವೆಂದು ತೋರಲು ಮೊದಲಾಗುತ್ತದೆ. ರೈತರ ಗಾಡಿ ಹಾಯ್ದ ಸೇತುವೆ, ಊರ ಕೆರೆಯ ತೂಬು, ಮನೆಯ ಅಟ್ಟದ ಮೇಲಿನ ಓಲೆಯ ಕಟ್ಟು, ಇವೆಲ್ಲ ಮಹತ್ತಲ್ಲ. ಆದುದರಿಂದ ಯಾರಿಗೂ ಬೇಡ. ಒಂದು ಕಡೆ ಸುಳ್ಳು ಹೊಗಳಿಕೆ, ಇನ್ನೊಂದು ಕಡೆ ನಿಜವಾದ ಅಲಕ್ಷ್ಯ. ಎರಡೂ ಒಂದೇ ಗೊಂದಲದ ಮಕ್ಕಳು.

ಕನ್ನಡಕ್ಕೆ ಎರಡು ಹೊಸ ಶಬ್ದಗಳನ್ನು ಟಂಕಿಸಿಕೊಡಬೇಕೆಂಬ ಹಟ ನಮಗಿಲ್ಲ. ಇರುವ ಮಾತುಗಳಿಂದಲೇ ಕೆಲಸ ನಡೆಯುತ್ತದೆ. ಹಿಂದೆ ಇದ್ದುದನ್ನು ಹೇಳುವಾಗ ಇತಿಹಾಸದ ಎಂದೋ ಪ್ರಾಚೀನ ಎಂದೋ ಸರಳವಾಗಿ ಹೇಳಬಹುದು. ಕಾಲದ ಹರಿವನ್ನು ತಿರುಗಿಸಿದುದಕ್ಕೆ ಯುಗಪ್ರವರ್ತಕ ಎನ್ನಬಹುದು. ಐತಿಹಾಸಿಕ ಎಂಬುದನ್ನು ಅದಕ್ಕೇ ಮೀಸಲಿಟ್ಟರೂ ಆಯಿತು. ಶಬ್ದ ಯಾವುದಾದರೂ ಇರಲಿ, ಮನಸ್ಸಿನಲ್ಲಿ ಎರಡು ಪೆಟ್ಟಿಗೆಗಳು ಇರಬೇಕು. ಒಂದನ್ನು ತೆರೆಯುವ ಮೊದಲು ಇದು ನಿಜವಾಗಿ ಇದ್ದಿತೆ ಎಂದು ಕೇಳಿಕೊಳ್ಳಬೇಕು. ಇನ್ನೊಂದನ್ನು ತೆರೆಯುವ ಮೊದಲು ಇದರಿಂದ ಏನಾಯಿತು, ಯಾರಿಗೆ ಆಯಿತು ಎಂದು ಕೇಳಿಕೊಳ್ಳಬೇಕು.

ಶ್ರೋತೃಗಳಲ್ಲಿ ಅನೇಕರು ಮಳೆಗಾಲದಲ್ಲಿ ಜಲಪಾತವನ್ನು ನೋಡಲು ಶಿವನಸಮುದ್ರಕ್ಕೆ ಹೋಗುವವರೇ. ಗಗನಚುಕ್ಕಿಯ ಹನಿಯಲ್ಲಿ ನೆನೆದು, ಬುತ್ತಿ ಉಂಡು ಹಿಂದಿರುಗುವ ಮೊದಲು ಒಂದು ಗಳಿಗೆ ಬಿಡುವು ಮಾಡಿಕೊಂಡು ಆ ಕಲ್ಲುಕಂಬಗಳ ಬಳಿಗೂ ಹೋಗಿ ಬರಬೇಕೆಂದು ನಮ್ಮ ವಿಜ್ಞಾಪನೆ. ಕೆಳಗೆ ಕಣಿವೆಯಲ್ಲಿ ಯಂತ್ರದ ಸದ್ದಿದೆ. ಮೇಲೆ ದ್ವೀಪದಲ್ಲಿ ಕಂಬಗಳ ಸಂದಿಯಲ್ಲಿ ನೀರು ಹರಿಯುವ ಸದ್ದಿದೆ. ಕಾವೇರಿಯ ಮೊರೆತದಲ್ಲಿ ಎರಡೂ ಒಂದಾಗಿ ಕೇಳುತ್ತವೆ. ಸ್ವಲ್ಪ ಹೊತ್ತು ನಿಂತು ಆಲಿಸಿದರೆ, ಒಂದರಿಂದೊಂದನ್ನು ಬಿಡಿಸಿ ಕೇಳುವುದು ಕಷ್ಟವೇನೂ ಅಲ್ಲ.